ಒಂದು ಅಡುಗೆ ಪುಸ್ತಕಕ್ಕಾಗಿ ಮಸ್ಕತ್ತಿನಲ್ಲಿ ಜಗಳ

ಹೊರಡುವ ಮೊದಲು

ಮಸ್ಕತ್ತಿಗೆ ಹೋದವರು ಸಮುದ್ರ ನೋಡುತ್ತಾರೆ, ಚಿನ್ನದಂಗಡಿ ನೋಡುತ್ತಾರೆ, ದೊಡ್ಡ ಮಸೀದಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಹೋದದ್ದು ಒಬ್ಬರಿಗೆ ಎದುರೆದುರು ಬೈಯಲಿಕ್ಕೆ. ಬೈಯುವುದಕ್ಕೆ ಫೋನು ಸಾಲದೇ ಎಂದು ನನ್ನ ಗಂಡ ಕೇಳಿದರು. ಫೋನಿನಲ್ಲಾದರೆ ಅವರು ಇಟ್ಟುಬಿಡುತ್ತಾರೆ. ಎದುರಿಗೆ ಕೂತು ಬೈದರೆ ಎಲ್ಲಿಗೆ ಹೋಗುತ್ತಾರೆ?

ವಿಷಯ ಇಷ್ಟೇ. ನಾನು ಹಳೆಯ ಅಡುಗೆ ಪುಸ್ತಕಗಳನ್ನು ಕೂಡಿಸುವವಳು. ಮೂಡಬಿದಿರೆಯ ಗುಜರಿ ಅಂಗಡಿಯವನಿಗೆ ನಾನು ಬಂದರೆ ಎದ್ದು ನಿಲ್ಲುವಷ್ಟು ಗೌರವ. ತುಪ್ಪದ ಡಬ್ಬಿಯ ಜೊತೆ ಬಿಟ್ಟಿ ಕೊಡುತ್ತಿದ್ದ ಪುಟ್ಟ ಪುಸ್ತಕ, ಮೊದಮೊದಲು ಬಂದ ಕುಕ್ಕರಿನ ಕೈಪಿಡಿ, ರಟ್ಟು ಹೋದ ಪಾಕಶಾಸ್ತ್ರಗಳು, ಮದುವೆಯಾಗಿ ಹೋಗುವ ಹುಡುಗಿಗೆ ಸೋದರತ್ತೆ ಬರೆದುಕೊಟ್ಟ ನೋಟು ಪುಸ್ತಕಗಳು, ಎಲ್ಲ ನನ್ನ ಕಪಾಟಿನಲ್ಲಿ ಬೇವಿನ ಎಲೆಯ ನಡುವೆ ಮಲಗಿವೆ. ಎಣ್ಣೆಯ ಕಲೆ ಎಲ್ಲಿ ಹೆಚ್ಚಿದೆಯೋ ಆ ಪುಟವನ್ನು ನಾನು ಮೊದಲು ಓದುತ್ತೇನೆ. ಆ ಮನೆಯವರು ಯಾವುದನ್ನು ಮತ್ತೆ ಮತ್ತೆ ಮಾಡಿ ಉಂಡರು ಎಂಬುದು ಅಲ್ಲಿ ಗೊತ್ತಾಗುತ್ತದೆ. ನಾನು ಮಾಡುವ ಅಡುಗೆ ಅಷ್ಟಕ್ಕಷ್ಟೆ. ಯಾರಿಗೂ ಪುಸ್ತಕ ಕೊಡುವುದೂ ಇಲ್ಲ. "ತಾನೂ ತಿನ್ನ, ಪರರಿಗೂ ಕೊಡ" ಎಂದು ಮನೆಯಲ್ಲಿ ಆಗಾಗ ಕೇಳಿಬರುತ್ತದೆ.

ಇಷ್ಟೆಲ್ಲ ಇದ್ದರೂ ಒಂದು ಪುಸ್ತಕ ಇರಲಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಫರಂಗಿಪೇಟೆಯಲ್ಲಿ, ನನ್ನ ತವರಿನಲ್ಲಿ, ಅಮ್ಮ ಮತ್ತು ಸುತ್ತಲಿನ ಮನೆಗಳ ಹೆಂಗಸರು ಸೇರಿ ಒಂದು ಮಂಡಳಿ ಮಾಡಿಕೊಂಡಿದ್ದರು. ಭಜನೆ, ಹೊಲಿಗೆ, ಸ್ವಲ್ಪ ಚಾಡಿ. ಆ ಮಂಡಳಿ ಒಂದು ಅಡುಗೆ ಪುಸ್ತಕ ತಂದಿತು. ಬಂಟ್ವಾಳದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿದ್ದು. ಪ್ರತಿಯೊಂದು ಅಡುಗೆಯ ಕೆಳಗೆ "ಹೇಳಿದವರು" ಎಂದು ಬರೆದು ಹೆಸರು. ನಮ್ಮ ಮನೆಯ ಪ್ರತಿ ಮುಂದೆ ಒಂದು ವರ್ಷ ನೇತ್ರಾವತಿ ಹೊಳೆ ಅಂಗಳ ದಾಟಿ ಒಳಗೆ ಬಂದಾಗ ಹೋಯಿತು. ಆಮೇಲೆ ಎಷ್ಟು ಹುಡುಕಿದರೂ ಇನ್ನೊಂದು ಸಿಗಲಿಲ್ಲ.

ಆ ಪುಸ್ತಕದಲ್ಲಿ ಐಸಮ್ಮನ ಒಂದು ಅಡುಗೆ ಇತ್ತು. ಐಸಮ್ಮ ನಮ್ಮ ಎದುರು ಮನೆಯ ಬ್ಯಾರಿ ಮುಸ್ಲಿಂ ಹೆಂಗಸು, ನನ್ನ ಕ್ಲಾಸಿನ ಜೋಹರಾಳ ತಾಯಿ. ಅವರು ನಮ್ಮ ಅಡುಗೆಮನೆಯ ಹಿಂದಿನ ಮೆಟ್ಟಿಲಿನಲ್ಲಿ ಕೂತು, ಮಡಿಲಲ್ಲಿ ಮೊರ ಇಟ್ಟು ಬೀಡಿ ಕಟ್ಟುತ್ತ ಪತ್ತಿರ್ ಮಾಡುವ ಕ್ರಮ ಹೇಳುವುದು, ಅಮ್ಮ ಒಳಗಿನ ಹೊಸಿಲಲ್ಲಿ ಕೂತು ಬರೆದುಕೊಳ್ಳುವುದು ನನ್ನ ಕಣ್ಣಿಗೆ ಕಟ್ಟಿದೆ. ಪತ್ತಿರ್ ಎಂದರೆ ಬಾಳೆಎಲೆಯ ಮೇಲೆ ತಟ್ಟಿ ಎಲೆಯ ಸಮೇತ ಕಾವಲಿಗೆ ಹಾಕುವ ಕುಚ್ಚಲಕ್ಕಿಯ ತೆಳು ರೊಟ್ಟಿ, ಕಾಯಿಹಾಲಿನಲ್ಲಿ ಅದ್ದಿ ತಿನ್ನುವಂಥದ್ದು. ಪುಸ್ತಕ ಬಂದ ಮೇಲೆ ಐಸಮ್ಮನೇ ನನ್ನ ಹತ್ತಿರ, "ನನ್ನ ಹೆಸರು ಅಚ್ಚಿಗೆ ಬಿದ್ದಿದೆ, ನೋಡಿದೆಯಾ ಸುಮತಿ?" ಎಂದು ಹೇಳಿದ್ದುಂಟು. ಅವರಿಗೆ ಓದು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಆದರೆ ಅವರೇ ಹೇಳಿದ ಮೇಲೆ ಆ ಪುಟ ತೆರೆದು ನೋಡುವುದೇನೆಂದು ಬಿಟ್ಟೆ. ಅಂದಿನಿಂದ ಇಂದಿನವರೆಗೆ ನಾನು ಈ ಸಂಗತಿಯನ್ನು ಹೋದಲ್ಲೆಲ್ಲ ಹೇಳಿದ್ದೇನೆ. ಆ ಕಾಲದಲ್ಲೇ ನಮ್ಮ ಊರಿನ ಹೆಂಗಸರು ಎಷ್ಟು ದೊಡ್ಡ ಮನಸ್ಸಿನವರು ಎನ್ನುವುದಕ್ಕೆ ಉದಾಹರಣೆಯಾಗಿ.

ಕಳೆದ ವರ್ಷ ಜೋಹರಾಳ ಅಳಿಯ ಮಸ್ಕತ್ತಿನಿಂದ ಬರುವಾಗ ಒಂದು ಹೊಳೆಯುವ ಪುಸ್ತಕ ತಂದ. ಅಲ್ಲಿ ಹೋಟೆಲು ನಡೆಸುವ ನಮ್ಮ ಬೆಳ್ತಂಗಡಿ ಕಡೆಯ ವಿಠಲಣ್ಣ ಎಂಬವರು ಗಿರಾಕಿಗಳಿಗೆ ಹಂಚಿದ್ದಂತೆ. ಮುಖಪುಟದಲ್ಲಿ ಅವರ ದಿವಂಗತ ತಾಯಿಯ ಬಣ್ಣದ ಫೋಟೋ, ಕೆಳಗೆ "ಅಮ್ಮನ ಕೈರುಚಿ". ನಾನು ಜೋಹರಾಳ ಮನೆಯಲ್ಲಿ ಅದನ್ನು ಸುಮ್ಮನೆ ತಿರುವುತ್ತಿದ್ದೆ. "ಎಲೆ ತಾನಾಗಿ ಬಿಡುವವರೆಗೆ ಎಬ್ಬಿಸಬಾರದು. ಅವಸರ ಮಾಡಿದವಳಿಗೆ ರೊಟ್ಟಿಯೂ ಇಲ್ಲ, ಎಲೆಯೂ ಇಲ್ಲ." ಈ ಮಾತನ್ನು ಬೆಳ್ತಂಗಡಿಯ ಯಾವ ಅಮ್ಮನೂ ಹೇಳಿದ್ದಲ್ಲ. ಐಸಮ್ಮ ಹೇಳಿದ್ದು, ನಮ್ಮ ಮೆಟ್ಟಿಲಿನಲ್ಲಿ. ಮುಂದೆ ತಿರುವಿದರೆ ಕೆಸುವಿನ ಪತ್ರೊಡೆ, ಹಲಸಿನ ಬೀಜದ ಪಲ್ಯ, ಬಸಳೆ, ಎಲ್ಲ ನಮ್ಮ ಮಂಡಳಿಯದೇ. ಒಂದರ ಕೆಳಗೂ ಹೆಸರಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಸಿಟ್ಟು ನೆತ್ತಿಗೇರಿತು. ನಾನು ಹೋಗಿಯೇ ಹೋಗುತ್ತೇನೆ, ಮೂಲ ಪುಸ್ತಕ ಅವರ ಹತ್ತಿರವೇ ಇರಬೇಕು, ಅದನ್ನು ಮುಖಕ್ಕೆ ಹಿಡಿದು ಕೇಳುತ್ತೇನೆ ಎಂದೆ. ಜೋಹರಾ ಪುಸ್ತಕವನ್ನು ಮುಚ್ಚಿ ನನ್ನ ಕೈಗೇ ಕೊಟ್ಟಳು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವಳು ತಾಯಿಯನ್ನು ಕರೆಯುವ ಉಮ್ಮ ಎಂಬುದನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ.

"ಹೋಗಿ ಬಾ" ಎಂದಳು. "ಉಮ್ಮನ ಹೆಸರಿನ ಪುಟ ಸಿಕ್ಕಿದ್ರೆ ತಾ. ಫೋನಿನಲ್ಲಿ ಕಳಿಸ್ಬೇಡ. ಬಂದು ತೋರಿಸು."

ತರುತ್ತೇನೆಂದು ಮಾತು ಕೊಟ್ಟೆ.

ವಿಮಾನ ನಿಲ್ದಾಣ

ಆ ಹೊಳೆಯುವ ಪುಸ್ತಕವನ್ನು ಸಾಕ್ಷಿಗೆಂದು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಮಂಗಳೂರಿನಲ್ಲಿ ತಪಾಸಣೆಯ ಹೆಂಗಸು ಚೀಲ ತೆರೆಸಿ ಅದನ್ನು ಹೊರಗೆ ತೆಗೆದು, ಸಾಲು ಕಾಯುತ್ತಿದ್ದರೂ ನಾಲ್ಕು ಪುಟ ಓದಿದಳು. "ಒಳ್ಳೆ ಪುಸ್ತಕ ಅಮ್ಮ. ಎಲ್ಲಿ ಸಿಗ್ತದೆ ಇದು?" ಎಂದು ಕೇಳಿದಳು. ಇದು ಕದ್ದ ಮಾಲು ಎಂದು ಬಾಯಿಯ ತುದಿಗೆ ಬಂತು. ವಿಮಾನ ನಿಲ್ದಾಣದಲ್ಲಿ ಅಂಥ ಶಬ್ದ ಆಡಬಾರದೆಂಬಷ್ಟು ಬುದ್ಧಿ ನನಗುಂಟು. ಮಸ್ಕತ್ತಿನಲ್ಲಿ ಸಿಗುತ್ತದೆ ಎಂದೆ. ಆಕೆ ಫೋಟೋ ತೆಗೆದುಕೊಂಡಳು, ಪತ್ರೊಡೆಯ ಪುಟದ್ದು.

ರುವಿ

ಇಳಿದುಕೊಂಡದ್ದು ರುವಿಯಲ್ಲಿ, ನನ್ನ ಅಣ್ಣನ ಮಗಳು ಅಶ್ವಿನಿಯ ಮನೆಯಲ್ಲಿ. ಅವಳು ಅಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್. ರುವಿ ಎಂದರೆ ಪರದೇಶ ಎನ್ನಿಸುವುದಿಲ್ಲ. ಕೆಳಗಿನ ಅಂಗಡಿಯಲ್ಲಿ ತೆಂಗಿನಕಾಯಿ, ಪಕ್ಕದಲ್ಲಿ ಇಡ್ಲಿ, ಎದುರಿಗೆ ಮಲಯಾಳಿ ಟೈಲರು. ಆದರೆ ಕಟ್ಟಡಗಳೆಲ್ಲ ಬಿಳಿ, ಬೆಟ್ಟಗಳೆಲ್ಲ ಬೋಳು. ಹಸಿರಿಲ್ಲದ ಬೆಟ್ಟ ನೋಡಿ ಅಭ್ಯಾಸವಿಲ್ಲದ ಕಣ್ಣಿಗೆ, ಯಾರೋ ಸಿಪ್ಪೆ ಸುಲಿದು ಇಟ್ಟಂತೆ ಕಾಣುತ್ತದೆ.

ವಿಠಲಣ್ಣ ಊರಲ್ಲಿಲ್ಲ, ಸೋಹಾರಿಗೆ ಹೋಗಿದ್ದಾರೆ, ಎರಡು ದಿನ ಬಿಟ್ಟು ಬರುತ್ತಾರೆ ಎಂದು ಹೋಟೆಲಿನಿಂದ ಉತ್ತರ ಬಂತು. ಸಿಟ್ಟನ್ನು ಎರಡು ದಿನ ಕೆಡದಂತೆ ಇಟ್ಟುಕೊಳ್ಳುವುದು ಮೀನು ಇಟ್ಟುಕೊಳ್ಳುವುದಕ್ಕಿಂತ ಕಷ್ಟ. ಅಶ್ವಿನಿ, "ಅತ್ತೆ, ಅಷ್ಟರವರೆಗೆ ತಿರುಗಿ ಬನ್ನಿ" ಎಂದು ಹೊರಗೆ ಕಳಿಸಿದಳು.

ರಸ್ತೆ ದಾಟಲಿಕ್ಕೆ ಅಂಚಿನಲ್ಲಿ ನಿಂತೆ. ಒಂದು ಕಾರು ನಿಂತಿತು. ಅದು ಹೋಗಲಿ ಎಂದು ನಾನು ನಿಂತೆ. ನಾನು ಹೋಗಲಿ ಎಂದು ಅದು ನಿಂತಿತು. ಹಿಂದೆ ಮತ್ತೆ ನಾಲ್ಕು ಕಾರು. ಒಬ್ಬರೂ ಹಾರನ್ ಹೊಡೆಯಲಿಲ್ಲ. ಫರಂಗಿಪೇಟೆಯ ಹೆದ್ದಾರಿಯನ್ನು ಜೀವ ಅಂಗೈಯಲ್ಲಿ ಹಿಡಿದು ದಾಟಿ ಶಾಲೆಗೆ ಹೋದವಳು ನಾನು. ಕಾರು ನಿಲ್ಲಿಸಿ ಕೈಮಾಡುವವರನ್ನು ಕಂಡರೆ ಏನೋ ಮೋಸ ಇರಬೇಕೆಂದೇ ಅನ್ನಿಸುತ್ತದೆ. ಕೊನೆಗೆ ಮೊದಲ ಕಾರಿನ ಮುದುಕ ಇಳಿದು ಬಂದು, ಎರಡೂ ಕಡೆಗೆ ಕೈ ಅಡ್ಡ ಹಿಡಿದು ನನ್ನನ್ನು ದಾಟಿಸಿದ. ಆ ಒಂದು ನಿಮಿಷ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಮತ್ರಾ

ಮತ್ರಾದ ಹಳೆಯ ಸಂತೆಗೆ ಮಧ್ಯಾಹ್ನ ಒಂದೂವರೆಗೆ ಮುಟ್ಟಿದೆ. ಎಲ್ಲ ಅಂಗಡಿಗೂ ಬಾಗಿಲು ಹಾಕಿತ್ತು. ಇಲ್ಲಿನವರು ಉಂಡು ಮಲಗಿ ನಾಲ್ಕಕ್ಕೆ ಅಂಗಡಿ ತೆರೆಯುತ್ತಾರೆ. ನಮ್ಮ ಮೂಡಬಿದಿರೆ ಪೇಟೆಯಲ್ಲಿ ಹಾಗೆ ಮಾಡಿದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ. ಇಲ್ಲಿ ಪಕ್ಕದವನೂ ಮಲಗಿರುತ್ತಾನೆ, ಆದ್ದರಿಂದ ಯಾರಿಗೂ ನಷ್ಟವಿಲ್ಲ. ನಾನು ಎರಡೂವರೆ ತಾಸು ಸಮುದ್ರದ ದಂಡೆಯ ಕಲ್ಲುಬೆಂಚಿನಲ್ಲಿ ಕೂತು ವಿಠಲಣ್ಣನಿಗೆ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದೆ.

ಸಂತೆ ತೆರೆದ ಮೇಲೆ ಒಂದು ಹಳೆಸಾಮಾನಿನ ಅಂಗಡಿಗೆ ಹೊಕ್ಕೆ. ಬಾಗಿದ ಕತ್ತಿ, ಪನ್ನೀರು ದಾನಿ, ಕೊಕ್ಕಿನ ಕಾಫಿ ಹೂಜಿ. ಅಂಗಡಿಯ ಹಿರಿಯರಿಗೆ ಹಿಂದಿ ಬರುತ್ತಿತ್ತು, ನನಗಿಂತ ಚೆನ್ನಾಗಿ. ಹಳೆಯ ಅಡುಗೆ ಪುಸ್ತಕ ಇದೆಯೇ ಎಂದು ಕೇಳಿದೆ. ಅವರು ಮೊದಲು ಕೂರಿಸಿ ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ, ಖರ್ಜೂರ ಕೊಟ್ಟರು. ಕುಡಿದೆ. ಮತ್ತೆ ತುಂಬಿಸಿದರು. ಕೊಟ್ಟದ್ದನ್ನು ಬಿಡಬಾರದೆಂದು ಕುಡಿದೆ. ಮತ್ತೆ ತುಂಬಿಸಿದರು. ಆರನೆಯದಕ್ಕೆ ಎದೆ ಡವಡವ ಎನ್ನತೊಡಗಿತು. ಸಾಕಾದರೆ ಬಟ್ಟಲನ್ನು ಎರಡು ಸಲ ಅಲ್ಲಾಡಿಸಿ ಕೊಡಬೇಕು ಎಂದು ಪಕ್ಕದ ಅಂಗಡಿಯ ಕಾಸರಗೋಡಿನವನು ಬಂದು ಹೇಳಿಕೊಟ್ಟ. ನಮ್ಮಲ್ಲಿ ಎಲೆಯ ಮೇಲೆ ಬೋರಲು ಬಿದ್ದು ಸಾಕು ಸಾಕು ಎಂದರೂ ಪಾಯಸ ಬೀಳುತ್ತದೆ. ಇಲ್ಲಿನ ಕ್ರಮವೇ ವಾಸಿ.

ಹಿರಿಯರು ನಿಧಾನವಾಗಿ ಉತ್ತರ ಹೇಳಿದರು. ಅವರ ಹೆಂಗಸರು ಅಡುಗೆ ಬರೆದಿಡುವುದಿಲ್ಲವಂತೆ, ಪಕ್ಕದಲ್ಲಿ ನಿಲ್ಲಿಸಿ ಕಲಿಸುತ್ತಾರಂತೆ. ಅವರ ಮನೆಯಲ್ಲಿ ಕಾಯಿಹಾಲಿನ ಅನ್ನವೊಂದನ್ನು ಜಾಂಜಿಬಾರಿನಿಂದ ಬಂದ ನೆರೆಮನೆಯ ಹೆಂಗಸು ಕಲಿಸಿದ್ದು. ಆಕೆ ಹೋಗಿ ಎಷ್ಟೋ ಕಾಲವಾಯಿತು. ಆದರೆ ಮೊಮ್ಮಕ್ಕಳು ಇವತ್ತಿಗೂ ಆ ಅನ್ನವನ್ನು ಕೇಳುವುದು ಆಕೆಯ ಹೆಸರು ಹಿಡಿದೇ.

ನಾನು ಬಿಡುತ್ತೇನೆಯೇ? ನಮ್ಮಲ್ಲಿ ಅದಕ್ಕಿಂತಲೂ ಮೇಲು, ನನ್ನ ಗೆಳತಿಯ ತಾಯಿಯ ಹೆಸರನ್ನು ನಮ್ಮ ಹೆಂಗಸರು ಪುಸ್ತಕದಲ್ಲೇ ಅಚ್ಚು ಹಾಕಿಸಿದ್ದಾರೆ ಎಂದು ಕೊಚ್ಚಿಕೊಂಡೆ. ಅವರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು.

ವಿಠಲಣ್ಣನ ಹೋಟೆಲು

ಮೂರನೆಯ ದಿನ ಹನ್ನೊಂದು ಗಂಟೆಗೆ ಹೋದೆ. ಅನ್ನದ ಋಣ ಬಿದ್ದರೆ ನಾಲಗೆ ಏಳುವುದಿಲ್ಲ, ಅವರಲ್ಲಿ ನೀರೂ ಮುಟ್ಟಬಾರದೆಂದು ಬೆಳಿಗ್ಗೆಯೇ ನಿಶ್ಚಯಿಸಿದ್ದೆ. ವಿಠಲಣ್ಣ ನನಗಿಂತ ಹದಿನಾಲ್ಕು ಹದಿನೈದು ವರ್ಷ ಸಣ್ಣವರು, ಗುಂಡಗೆ, ಹಣೆಯಲ್ಲಿ ಕುಂಕುಮ. ಊರಿನವರು ಬಂದಿದ್ದಾರೆಂದು ಬಾಗಿಲಿಗೇ ಬಂದರು. ನಾನು ನಿಂತಲ್ಲೇ ಅವರ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟೆ, ಸ್ವಲ್ಪ ಜೋರಾಗಿಯೇ.

"ಇದರಲ್ಲಿ ನಿಮ್ಮ ಅಮ್ಮನದ್ದು ಎಷ್ಟು ಉಂಟು?"

"ಎಲ್ಲ ಅಮ್ಮನದ್ದೇ ಅಕ್ಕ. ಅವರು ಮಾಡ್ತಿದ್ದದ್ದೇ."

"ಮಾಡ್ತಿದ್ದದ್ದು ಸರಿ. ಹೇಳಿದ್ದು ಯಾರು?"

ಆಮೇಲೆ ನಾನು ಸಮುದ್ರದ ದಂಡೆಯಲ್ಲಿ ಬಾಯಿಪಾಠ ಮಾಡಿದ್ದೆಲ್ಲವನ್ನೂ ಒಪ್ಪಿಸಿದೆ. ಇಪ್ಪತ್ತು ಮನೆಯ ಹೆಂಗಸರ ಬೆವರು, ಒಬ್ಬರ ಫೋಟೋ. ಸತ್ತವರ ಹೆಸರಿನಲ್ಲಿ ಕಳವು. ಉಣ್ಣುತ್ತಿದ್ದ ಗಿರಾಕಿಗಳು ಚಮಚ ಕೆಳಗಿಟ್ಟು ನೋಡಿದರು. ವಿಠಲಣ್ಣ ತಲೆ ತಗ್ಗಿಸಿ ಪೂರ್ತಿ ಕೇಳಿ, "ಊಟ ಮಾಡಿ ಅಕ್ಕ. ಮತ್ತೆ ಬೈಯಿರಿ, ನಾನು ಇಲ್ಲೇ ಇರ್ತೇನೆ" ಎಂದರು.

ಅವರು ಎದುರುತ್ತರ ಕೊಟ್ಟಿದ್ದರೆ ಚೆನ್ನಾಗಿತ್ತು. ಬೇಡವೆಂದರೂ ತಟ್ಟೆ ಬಂತು. ನಾನು ಮುಟ್ಟಲಿಲ್ಲ. ಅವರು ಹೇಳುತ್ತ ಹೋದರು. ಅವರ ತಾಯಿ ಫರಂಗಿಪೇಟೆಯವರು, ನಮ್ಮ ಮಂಡಳಿಯಲ್ಲಿ ಇದ್ದವರು, ಮದುವೆಯಾಗಿ ಬೆಳ್ತಂಗಡಿಗೆ ಹೋಗುವಾಗ ಆ ಪುಸ್ತಕ ಪೆಟ್ಟಿಗೆಯಲ್ಲಿ ಹೋದದ್ದು. ಬೆಳಿಗ್ಗೆ ಎದ್ದರೆ ಅವರು ಅದನ್ನು ತೆರೆದು ಅಕ್ಕಿಡಬ್ಬಿಗೆ ಒರಗಿಸಿ ಇಡುತ್ತಿದ್ದರಂತೆ.

"ಮತ್ತೆ ಹೆಸರುಗಳು ಎಲ್ಲಿ ಹೋದವು?"

"ಡಿಸೈನ್ ಮಾಡುವವ ಜಾಗ ಸಾಲುದಿಲ್ಲ ಅಂದ. ನಾನೂ ಆಯ್ತು ಅಂದೆ. ತಪ್ಪಾಯ್ತು."

ಜಾಗ ಸಾಲುವುದಿಲ್ಲ! ಪ್ರತಿ ಪುಟದಲ್ಲೂ ಅಂಗೈಯಗಲದ ಬಾಳೆಎಲೆಯ ಚಿತ್ರಕ್ಕೆ ಜಾಗ ಇತ್ತು.

ಮೂಲ ಪುಸ್ತಕ ತನ್ನಿ ಎಂದೆ. ಅವರು ಒಳಗಿನಿಂದ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ತಂದರು. ಮುಚ್ಚಳ ತೆಗೆದರೆ ಒಳಗೆ ಬಿಡಿ ಹಾಳೆಗಳು. ಸ್ಕ್ಯಾನ್ ಮಾಡಲಿಕ್ಕೆ ಸುಲಭವಾಗುತ್ತದೆಂದು ಪುಸ್ತಕದ ಬೆನ್ನನ್ನೇ ಯಂತ್ರದಲ್ಲಿ ಕತ್ತರಿಸಿದ್ದರು. ಹೊಲಿಗೆ ಹೋಗಿ, ರಟ್ಟು ಹೋಗಿ, ನಾನು ಅಷ್ಟು ವರ್ಷ ಹುಡುಕಿದ್ದು ಚದುರಿದ ಇಸ್ಪೀಟು ಎಲೆಯ ಹಾಗೆ ಬಿದ್ದಿತ್ತು. ನನಗೆ ಅಳು ಬಂತು. ಅಳುವುದು ಕಾಣಬಾರದೆಂದು ಇನ್ನಷ್ಟು ಬೈದೆ.

"ಈಗ ತೋರಿಸ್ತೇನೆ ನೋಡಿ, ಹೇಗೆ ಹೆಸರು ಹಾಕ್ಬೇಕು ಅಂತ" ಎಂದು ಹಾಳೆಗಳನ್ನು ಮಗುಚಿದೆ. ಪತ್ತಿರ್ ಎಂಬ ತಲೆಬರಹ ಸಿಗಲಿಲ್ಲ. ಎರಡನೆಯ ಸಲ ಹುಡುಕುವಾಗ "ಎಲೆ ತಾನಾಗಿ ಬಿಡುವವರೆಗೆ" ಎಂಬ ಸಾಲು ಕಣ್ಣಿಗೆ ಬಿತ್ತು. ಮೇಲೆ ತಲೆಬರಹ "ಕಾಯಿಹಾಲಿನ ರೊಟ್ಟಿ". ಕೆಳಗೆ, "ಹೇಳಿದವರು: ಶ್ರೀಮತಿ ಲೀಲಾವತಿ".

ಲೀಲಾವತಿ ನನ್ನ ಅಮ್ಮ.

ಹಾಳೆಯನ್ನು ಬೆಳಕಿಗೆ ಹಿಡಿದೆ. ಹಿಂದೆ ಮುಂದೆ ನೋಡಿದೆ. ಉಳಿದ ಹಾಳೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದೆ. ಐಸಮ್ಮ ಎಲ್ಲಿಯೂ ಇರಲಿಲ್ಲ. ಮೊದಲ ಹಾಳೆಯಲ್ಲಿ ಮಂಡಳಿಯ ಎರಡು ಮಾತು ಇತ್ತು: ಇಲ್ಲಿರುವುದು ಸದಸ್ಯೆಯರ ಮನೆಯ ಅಡುಗೆಗಳು ಮಾತ್ರ. ಐಸಮ್ಮ ಸದಸ್ಯೆಯಲ್ಲ. ಅವರು ಹೇಳಿದ ಅಡುಗೆ, ಅದನ್ನು ಬರೆದುಕೊಂಡ ಮನೆಯ ಲೆಕ್ಕಕ್ಕೆ ಬಿತ್ತು.

ಅಮ್ಮ ಎಂದು ನನ್ನ ಬಾಯಿಂದ ಬಂದಿರಬೇಕು, ವಿಠಲಣ್ಣ ಪಕ್ಕದಲ್ಲಿ ಬಗ್ಗಿ ಓದಿದರು. "ಇದು ನಿಮ್ಮ ಅಮ್ಮನ ಹೆಸರಲ್ವಾ ಅಕ್ಕ? ಅದಕ್ಕೇ ನಿಮಗೆ ಇಷ್ಟು ಬೇಜಾರಾದದ್ದು. ಇನ್ನೊಮ್ಮೆ ಅಚ್ಚು ಹಾಕುವಾಗ ಖಂಡಿತ ಹಾಕ್ತೇನೆ, ಎಲ್ಲರಿಗಿಂತ ದಪ್ಪ ಅಕ್ಷರದಲ್ಲಿ."

ಆ ಮನುಷ್ಯನಿಗೆ ಕಪಾಳಕ್ಕೆ ಹೊಡೆಯಬೇಕೆನ್ನಿಸಿತು. ಅವರ ತಪ್ಪೇನೂ ಇರಲಿಲ್ಲ. ಹಾಕಬೇಡಿ ಎಂದಷ್ಟೇ ಹೇಳಿದೆ. ಡಬ್ಬಿಯನ್ನು ಅವರೇ ನನ್ನ ಕೈಗೆ ಕೊಟ್ಟು, ಇಟ್ಟುಕೊಳ್ಳಿ ಎಂದರು. ತಟ್ಟೆ ಹಾಗೆಯೇ ತಣ್ಣಗಾಗಿತ್ತು.

ಹಿಂದಕ್ಕೆ

ಉಳಿದ ಎರಡು ದಿನ ನಾನು ಏನು ನೋಡಿದೆನೆಂದು ಕೇಳಬೇಡಿ. ಅಶ್ವಿನಿ ಎಲ್ಲೆಲ್ಲಿಗೋ ಕರೆದುಕೊಂಡು ಹೋದಳು. ಮಸೀದಿಯ ರತ್ನಗಂಬಳಿ ಚೆನ್ನಾಗಿತ್ತು ಎಂದು ನೆನಪು. ನನ್ನ ತಲೆಯೊಳಗೆ ಅಮ್ಮನ ಜೊತೆ ಜಗಳ ನಡೆದಿತ್ತು. ಸತ್ತವರ ಜೊತೆ ಜಗಳವಾಡುವುದರಷ್ಟು ದಂಡದ ಕೆಲಸ ಇನ್ನೊಂದಿಲ್ಲ, ಅವರು ಸೋಲುವುದೇ ಇಲ್ಲ.

ವಿಮಾನದಲ್ಲಿ ಒಂದು ದೃಶ್ಯ ನೆನಪಾಯಿತು. ಪುಸ್ತಕ ಬಂದ ಸಮಯ. ಐಸಮ್ಮ ಅದೇ ಮೆಟ್ಟಿಲಿನಲ್ಲಿ ಕೂತು ಅಮ್ಮನಿಗೆ, "ನನ್ನ ಹೆಸರು ಹಾಕಿದ್ದೀರಂತಲ್ಲ ಲೀಲಕ್ಕ, ಮಗಳು ಓದಿ ಹೇಳಿದಳು" ಎಂದಿದ್ದರು. ಅಮ್ಮ ಏನೂ ಹೇಳದೆ ಒಳಗೆ ಹೋಗಿ ಬಾಳೆಗೊನೆಯಿಂದ ಎರಡು ಹೆಣಿಗೆ ಹಣ್ಣು ಕಡಿದು ತಂದು ಅವರ ಮೊರದಲ್ಲಿ ಇಟ್ಟಿದ್ದರು. ಅಮ್ಮನ ನಾಚಿಕೆ, ಅಮ್ಮನ ಔದಾರ್ಯ ಎಂದು ನಾನು ಇದನ್ನು ಎಷ್ಟು ಮಂದಿಗೆ ಹೇಳಿದ್ದೇನೋ. ಅಮ್ಮ, ನೀನು ಅವತ್ತು ಬಾಯಿ ತೆರೆಯಬೇಕಿತ್ತು. ಬಾಳೆಹಣ್ಣು ಕೊಟ್ಟು ಒಳಗೆ ಹೋಗಬಾರದಿತ್ತು.

ಆದರೆ ಇನ್ನೊಂದು ಸಂಗತಿ ಆಗ ಹೊಳೆಯಿತು. ಮಗಳು ಓದಿ ಹೇಳಿದಳು.

ಮತ್ತೆ ಫರಂಗಿಪೇಟೆ

ಮೂಡಬಿದಿರೆಯ ನಮ್ಮ ಮನೆಗೆ ಹೋಗಲಿಲ್ಲ, ನಿಲ್ದಾಣದಿಂದ ನೇರ ಜೋಹರಾಳ ಮನೆಗೆ ಹೋದೆ. ಹತ್ತು ಗಂಟೆಯ ಬಿಸಿಲು. ಅವಳು ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದಳು. ಡಬ್ಬಿ ತೆರೆದು ಆ ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

"ಓದಿದೆಯಾ?" ಎಂದಳು.

"ನಿನಗೆ ಮೊದಲೇ ಗೊತ್ತಿತ್ತು."

"ಆರನೇ ಕ್ಲಾಸಿನಿಂದ ಗೊತ್ತುಂಟು. ಪುಸ್ತಕ ಬಂದ ದಿನ ಉಮ್ಮ ಓದು ಅಂದ್ರು. ನಿನ್ನ ಅಮ್ಮನ ಹೆಸರಿತ್ತು. ಉಮ್ಮ ಕೈ ತೊಳೆದು ಬಂದು ಕೂತಿದ್ರು ಸುಮತಿ, ಹೆಸರು ಮುಟ್ಟಿ ನೋಡ್ಲಿಕ್ಕೆ. ನಾನು ನಿನ್ನ ಅಮ್ಮನ ಹೆಸರಿನ ಮೇಲೆ ಅವರ ಬೆರಳು ಇಡಿಸಿ ಐಸಮ್ಮ ಅಂತ ಓದಿದೆ."

ದಿಕ್ಕು ತೋಚದಾಗ ಸಿಟ್ಟು ಬರುವುದು ನನ್ನ ಹುಟ್ಟುಗುಣ. "ಇಷ್ಟು ವರ್ಷ ನನಗೆ ಯಾಕೆ ಹೇಳ್ಲಿಲ್ಲ? ಮಸ್ಕತ್ತಿನವರೆಗೆ ಓಡಿಸಿದೆಯಲ್ಲ" ಎಂದೆ.

"ಹೇಳಿದ್ರೆ ನಂಬ್ತಿದ್ದೆಯಾ?"

ನಂಬುತ್ತಿರಲಿಲ್ಲ.

"ನೀನು ನನ್ನ ಮಗಳ ಮದುವೆಯಲ್ಲಿ ಹೇಳಿದೆ. ಉಮ್ಮ ತೀರಿಹೋದ ದಿನ ಅಷ್ಟು ಜನರ ಎದುರು ಹೇಳಿದೆ, ನಮ್ಮವರು ಐಸಮ್ಮನ ಹೆಸರು ಅಚ್ಚು ಹಾಕಿಸಿದ್ರು ಅಂತ. ನಾನು ಸುಮ್ಮನೆ ಕೂತು ಕೇಳಿದೆ." ಅವಳ ಧ್ವನಿ ಏರಲಿಲ್ಲ. "ನಾನು ಹೇಳಿದ ಸುಳ್ಳು ಉಮ್ಮನಿಗೆ ಬೇಕಿತ್ತು. ನೀನು ಹೇಳಿದ್ದು ಯಾರಿಗೆ ಬೇಕಿತ್ತು?"

ಅದಕ್ಕೆ ಉತ್ತರ ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹಳೆಯ ಪುಸ್ತಕಕ್ಕೆ ಪೆನ್ನು ತಾಗಿಸುವವರನ್ನು ಕಂಡರಾಗದ ನಾನು ಚೀಲದಿಂದ ಪೆನ್ನು ತೆಗೆದೆ. ಅಮ್ಮನ ಹೆಸರು ಹೊಡೆದು ಪಕ್ಕದಲ್ಲಿ ಬರೆಯುತ್ತೇನೆ ಎಂದೆ.

ಜೋಹರಾ ಹಾಳೆಯನ್ನು ಆಚೆಗೆ ಸರಿಸಿದಳು. "ಬೇಡ. ನೀನು ಬರೆದ್ರೆ ನಿನ್ನ ಅಕ್ಷರ ಆಗ್ತದೆ. ಉಮ್ಮನಿಗೆ ಬೇಕಿದ್ದದ್ದು ಅಚ್ಚಿನದ್ದು."

ಸ್ವಲ್ಪ ಹೊತ್ತು ಮೆಣಸು ಮಗುಚಿ, ಆಮೇಲೆ ಕೇಳಿದಳು. "ನೀನು ಹೋಗಿ ಬಂದದ್ದನ್ನು ಬರೀತೀಯಲ್ಲ, ಅದು ಅಚ್ಚಾಗ್ತದಾ?"

"ಆಗ್ತದೆ."

"ಹಾಗಾದ್ರೆ ಅದ್ರಲ್ಲಿ ಹಾಕು."

ಕ್ರಮವನ್ನೂ ಸರಿಯಾಗಿ ಹೇಳು, ಮೊದಲಿನಿಂದ ಬರೆದುಕೊಳ್ಳುತ್ತೇನೆ ಎಂದು ನಾನು ಹೊಸ ಹಾಳೆ ತೆಗೆದೆ.

"ಕ್ರಮ ಬೇಡ" ಎಂದಳು. "ಕ್ರಮವನ್ನು ಎಲ್ಲರೂ ತಗೊಂಡಾಗಿದೆ. ಹೆಸರು ಮಾತ್ರ ಹಾಕು."

ಪತ್ತಿರ್.
ಹೇಳಿದವರು: ಐಸಮ್ಮ, ಫರಂಗಿಪೇಟೆ.